ಕೋಡಿಬೆಂಗ್ರೆಯ ‘ಕೋಡಿ’ ಯಾವ ಕೋಡಿ?

ಉಡುಪಿ ಕರಾವಳಿಯ ಕುರಿತ ಕೈಪಿಡಿಯೊಂದರ ಕರಡು ತಿದ್ದುವುದಕ್ಕೆಂದು ನನ್ನ ಬಳಿ ಬಂದಿದೆ. ಅದರಲ್ಲಿ ಕೋಡಿಬೆಂಗ್ರೆ ಎಂದರೆ ‘ನೀರು ಕೋಡಿ ಹರಿಯುವ ಊರು’ ಎಂದಿದೆ. ಬರೆದವರು ನಮ್ಮ ಬೆಂಗಳೂರಿನವರೇ. ಕೋಡಿ ಎಂದೊಡನೆ ಅವರಿಗೆ ಕೆರೆ ನೆನಪಾಗುವುದು ಸಹಜ. ಇಲ್ಲಿ ಕೆರೆ ತುಂಬಿದರೆ ಕೋಡಿ ಬೀಳುತ್ತದೆ, ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆ ಸೇರುತ್ತದೆ. ಕಣ್ಣೀರು ಕೂಡ ಕೋಡಿಯಾಗಿಯೇ ಹರಿಯುತ್ತದೆ. ಆದರೂ ಆ ಅರ್ಥವನ್ನು ನದಿ ಕಡಲು ಸೇರುವ ಅಳಿವೆಯ ಊರಿಗೆ ಅಂಟಿಸಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ಊರಿನ ನೆಲ ನೋಡಿ. ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಹೊಳೆ, ನಡುವೆ ರಸ್ತೆ, ಮನೆ, ತೆಂಗು. ಹೂಡೆಯ ಕಡೆಯಿಂದ ಉತ್ತರಕ್ಕೆ ಹೋದರೆ, ಸ್ವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲು ಸೇರುವಲ್ಲಿ ಈ ಮರಳ ಪಟ್ಟಿ ಮುಗಿದೇಹೋಗುತ್ತದೆ. ಎದುರು ದಡದಲ್ಲಿ ಹಂಗಾರಕಟ್ಟೆ. ನೀರು ದಾಟಿದರೆ ಹತ್ತಿರ. ರಸ್ತೆಯಲ್ಲಾದರೆ ಕಲ್ಯಾಣಪುರ, ಬ್ರಹ್ಮಾವರ, ಮಾಬುಕಳ ಸೇತುವೆ ಎಂದು ಸುತ್ತಬೇಕು. ಕೋಡಿಗೆ ‘ತುದಿ’ ಎಂಬ ಅರ್ಥವೂ ಇದೆ, ಇಂಥ ಜಾಗಕ್ಕೆ ಅದೇ ಸಲ್ಲುತ್ತದೆ. ಕುಂದಾಪುರದ ಕೋಡಿಯೂ ಹಾಗೆಯೇ: ಗಂಗೊಳ್ಳಿಯ ಎದುರು, ಪಂಚಗಂಗಾವಳಿ ಕಡಲು ಸೇರುವಲ್ಲಿ ಚಾಚಿಕೊಂಡ ನೆಲ. ತಮಿಳುನಾಡಿನ ಧನುಷ್ಕೋಡಿಯನ್ನೂ ಜೊತೆಗಿಟ್ಟು ನೋಡಬಹುದು. ನದಿ ಹೊರಬೀಳುವ ಬಾಯಿಗೆ ಕರಾವಳಿಯವರಲ್ಲಿ ‘ಅಳಿವೆ’ ಎಂಬ ಬೇರೆಯೇ ಮಾತಿದೆ. ಮೀನುಗಾರರು ಅಳಿವೆ ದಾಟುತ್ತಾರೆ, ಅಳಿವೆಯಲ್ಲಿ ಹೂಳು ತುಂಬಿತೆಂದು ದೂರುತ್ತಾರೆ. ಹಾಗಿರುವಾಗ ಅದೇ ಕೆಲಸಕ್ಕೆ ಕೋಡಿ ಏಕೆ ಬೇಕು?

ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ. ಕೆರೆಯ ಕೋಡಿಯನ್ನು ಸಾಮಾನ್ಯವಾಗಿ ಕಟ್ಟುವುದು ಏರಿಯ ಒಂದು ಕೊನೆಯಲ್ಲಿ. ತೂಬು ಇರುವುದು ಏರಿಯ ಒಡಲಲ್ಲಿ, ಕೋಡಿ ಇರುವುದು ಅಂಚಿನಲ್ಲಿ. ಮೊದಲು ಕೊನೆ ಎಂಬ ಅರ್ಥವಿದ್ದು, ಆಮೇಲೆ ಅಲ್ಲಿ ಹರಿಯುವ ನೀರಿಗೂ ಅದೇ ಹೆಸರು ಬಂತೆಂದು ನನ್ನ ಊಹೆ. ಹಾಗಾದರೆ ಘಟ್ಟದ ಮೇಲಿನ ಕೋಡಿ, ಕೆಳಗಿನ ಕೋಡಿ ಎರಡೂ ಒಂದೇ ಪದ. ಇದಕ್ಕೆ ಶಾಸನಗಳ ಆಧಾರ ಬಲ್ಲವರು ತಿಳಿಸಬೇಕು.

ಹ್ರಸ್ವದ ‘ಕೊಡಿ’ಯನ್ನು ಇದರೊಡನೆ ಸೇರಿಸಬಹುದೇ ಎಂಬುದು ನನಗೆ ಬಗೆಹರಿಯದ ತೊಡಕು. ಕುಡಿ, ಚಿಗುರು ಎಂಬ ಅರ್ಥದಲ್ಲಿ ಅದು ಕರಾವಳಿಯಲ್ಲಿ ಜೀವಂತವಾಗಿದೆ. ಕೋಟೇಶ್ವರದ ಕೊಡಿ ಹಬ್ಬದಲ್ಲಿ ಹೊಸ ಜೋಡಿಗಳು ಕೊಂಡೊಯ್ಯುವುದು ಕಬ್ಬಿನ ಕೊಡಿ. ತುದಿಯ ಅರ್ಥ ಎರಡರಲ್ಲೂ ಇದೆ, ಆದರೆ ಸ್ವರ ಬೇರೆ. ಅರ್ಥ ಹೊಂದಿತೆಂದು ಸ್ವರವನ್ನು ಎಳೆಯುವುದು ನನಗೆ ಹಿಡಿಸದು.

‘ಬೆಂಗ್ರೆ’ ಮರಳ ದಿಣ್ಣೆಯೆಂಬುದರಲ್ಲಿ ಜಗಳವಿಲ್ಲ, ಮಂಗಳೂರಿನ ಕಸಬಾ ಬೆಂಗ್ರೆ, ತೋಟ ಬೆಂಗ್ರೆಗಳೇ ಇವೆ. ಬೆಂಗಾಡು, ಬೆಂಗದಿರಗಳಂತೆ ಇದನ್ನೂ ‘ಬೆಂ’ ಮತ್ತು ‘ಕರೆ’ ಎಂದು ಒಡೆದು ‘ಕಾದ ದಡ’ ಎನ್ನಬಹುದು. ಕೇಳಲು ಚೆನ್ನಾಗಿದೆ, ಅದಕ್ಕೇ ನನಗೆ ಅನುಮಾನ.

ಕುಂದಾಪುರ, ಬ್ರಹ್ಮಾವರ ಕಡೆಯವರಲ್ಲಿ ಕೇಳುವುದಿಷ್ಟು: ಊರಿನ ಹೆಸರಲ್ಲದೆ ಬರಿಯ ಮಾತಿನಲ್ಲಿ, ಗದ್ದೆಯ ಅಥವಾ ದಡದ ಕೊನೆಗೆ ‘ಕೋಡಿ’ ಎನ್ನುವುದುಂಟೇ? ಇದ್ದರೆ ಒಂದು ವಾಕ್ಯವನ್ನು ಅವರಾಡುವ ಹಾಗೆಯೇ ಬರೆದು ಕಳುಹಿಸಿ.