ಸಹಾಯ ಬೇಕು: ಸೇಂಟ್ ಮೇರಿಸ್ ದ್ವೀಪಕ್ಕೆ ದಿನಕ್ಕೆ ಎಷ್ಟು ಜನ ಸಾಕು?

ಎಲ್ಲರಿಗೂ ನಮಸ್ಕಾರ. ಕಾಲೇಜು ಪ್ರಾಜೆಕ್ಟಿಗೆ ನಮ್ಮ ಮಲ್ಪೆಯ ದ್ವೀಪದ ಧಾರಣ ಸಾಮರ್ಥ್ಯ, ಅಂದರೆ ಜಾಗ ಹಾಳಾಗದಂತೆ ದಿನಕ್ಕೆ ಎಷ್ಟು ಜನ ಬರಬಹುದು ಅನ್ನೋದನ್ನು, ಲೆಕ್ಕ ಹಾಕುತ್ತಿದ್ದೇನೆ. ಹೋದ ಭಾನುವಾರ ಅಲ್ಲಿನ ಕಂಬದಂಥ ಕಲ್ಲುಗಳ ಸಂದಿಯಲ್ಲಿ ಚಿಪ್ಸ್ ಪ್ಯಾಕೆಟ್ ತುರುಕಿದ್ದು ನೋಡಿ ತುಂಬಾ ಬೇಜಾರಾಯಿತು.

1992ರ ಸಿಫುಯೆಂಟೆಸ್ ವಿಧಾನ ಹಿಡಿದಿದ್ದೇನೆ: ಇರುವ ಜಾಗವನ್ನು ಒಬ್ಬರಿಗೆ ಬೇಕಾದ ಜಾಗದಿಂದ ಭಾಗಿಸಿ, ದಿನಕ್ಕೆ ಎಷ್ಟು ಸುತ್ತು ಜನ ಬಂದು ಹೋಗಬಹುದೋ ಅದರಿಂದ ಗುಣಿಸಬೇಕು, ಆಮೇಲೆ ಮಳೆ, ಮಣ್ಣಿನ ಸವೆತ ಅಂತ ಒಂದೊಂದಕ್ಕೂ ಕಡಿತ. ಮಾದರಿಗೆ 4000 ಚದರ ಮೀಟರ್ ಮರಳು, ಒಬ್ಬರಿಗೆ 4 ಚದರ ಮೀಟರ್, 4 ಸುತ್ತು ಅಂತ ಹಾಕಿದೆ, 4000 ಜನ ಬಂತು. ಅಲ್ಲಿವರೆಗೆ ಸರಿ.

ಸಿಕ್ಕಿಬಿದ್ದದ್ದು ಮಳೆಯಲ್ಲಿ. ಮಳೆಗಾಲದಲ್ಲಿ ದೋಣಿಯೇ ಹೋಗುವುದಿಲ್ಲ, ಆ ತಿಂಗಳುಗಳನ್ನು ಮೊದಲೇ ಬಿಟ್ಟಿದ್ದೇನೆ. ಮೇಲಿಂದ ಮಳೆಯ ಕಡಿತವನ್ನೂ ಹಾಕಿದರೆ ಒಂದನ್ನೇ ಎರಡು ಸಲ ಕಳೆದ ಹಾಗಾಗುತ್ತದೆ ಅಲ್ವಾ? ದೋಣಿ ಓಡುವ ದಿನಗಳಿಗೆ ಮಾತ್ರ ಲೆಕ್ಕ ಹಾಕುವಾಗ ಆ ಕಡಿತ ಇಡಬೇಕಾ, ಬಿಡಬೇಕಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.