ತಿರುವಕ್ಕರೈ ಕಲ್ಲುಮರಗಳಿಗೆ ಶಾಲಾ ಪ್ರವಾಸ: ಹೋಗಿ ಬಂದವರು ಅನುಭವ ಹೇಳಿ

ಪ್ರಶ್ನೆ

ನಮಸ್ಕಾರ. ನಾನು ಹೊಸಕೋಟೆ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಂಟನೇ ಕ್ಲಾಸಿನ 84 ಮಕ್ಕಳನ್ನು ತಮಿಳುನಾಡಿನ ತಿರುವಕ್ಕರೈ ಪಳೆಯುಳಿಕೆ ಉದ್ಯಾನಕ್ಕೆ (ಮರಗಳೇ ಕಲ್ಲಾಗಿ ಬಿದ್ದಿರುವ ಜಾಗ) ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಡಿಸೆಂಬರ್ ಮೊದಲ ವಾರ, ಎರಡು ದಿನ. ಜೊತೆಗೆ ಸೆಂಜಿ ಕೋಟೆ, ಆರೋವಿಲ್, ಪಾಂಡಿಚೇರಿ ಬೀಚ್, ತಿರುವಣ್ಣಾಮಲೈ ಎಲ್ಲ ಸೇರಿಸಿ ಅಂತ ಪೋಷಕರ ಒತ್ತಾಯ. ಅಲ್ಲಿ ಮಕ್ಕಳಿಂದ ಏನು ಮಾಡಿಸಬಹುದು? ಒಂದು ಗಂಟೆ ಸಾಕಾ?

ಕೋಲಾರದ ಮೇಷ್ಟ್ರು

ಮೇಡಂ, ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಪೂರ್ತಿ ಕೆಟ್ಟಿತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಿಮ್ಮ ಪಟ್ಟಿಯೇ ಆವತ್ತು ನಮ್ಮದೂ. ತಿರುವಕ್ಕರೈ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಮಕ್ಕಳು ಗೇಟಿನಿಂದ ಓಡಿ ಒಳಗೆ ಹೋದರು, ನಿಂತರು, ಸುತ್ತ ನೋಡಿದರು. "ಸರ್, ಇದು ಸುಮ್ನೆ ಕಡಿದು ಹಾಕಿರೋ ಮರ ಅಲ್ವಾ?" ಅಂದ ಒಬ್ಬ. ಅವನ ತಪ್ಪಿಲ್ಲ. ದೂರದಿಂದ ಅದು ಸಾಮಿಲ್ಲಿನ ಅಂಗಳದ ಹಾಗೇ ಕಾಣುತ್ತದೆ. ಕೆಂಪು ಮಣ್ಣು, ಕುರುಚಲು ಗಿಡ, ಅಲ್ಲಲ್ಲಿ ಬಿದ್ದ ದಿಮ್ಮಿಗಳು. ನಾನು ಬಿಸಿಲಲ್ಲಿ ನಿಂತು ಇಪ್ಪತ್ತು ನಿಮಿಷ ಭಾಷಣ ಬಿಗಿದೆ. ಸಿಲಿಕಾ ಅಂದೆ, ಮಯೋಸೀನ್ ಅಂದೆ, 1781ರಲ್ಲೇ ಸೊನ್ನೆರಾ ಎಂಬ ಫ್ರೆಂಚರವನು ಇದರ ಬಗ್ಗೆ ಬರೆದಿದ್ದಾನೆ ಅಂದೆ. ಯಾರಿಗೆ ಬೇಕು? ಊರಿಗೆ ಬಂದ ಮೇಲೆ ಪ್ರಬಂಧ ಬರೆಸಿದರೆ ಎಲ್ಲರದ್ದೂ ಬೀಚಿನ ಬಗ್ಗೆಯೇ.

ಎರಡನೇ ಸಲ ಬಾಯಿ ಮುಚ್ಚಿಕೊಂಡೆ. ಒಂದೇ ಕೆಲಸ ಕೊಟ್ಟೆ. "ಈ ಮರಗಳ ಬೇರು, ಕೊಂಬೆ, ಎಲೆ, ತೊಗಟೆ ಹುಡುಕಿ. ಸಿಕ್ಕಿದವರು ಕೂಗಿ."

ಕಾಲು ಗಂಟೆ ಹುಡುಕಿದರು. ಯಾರೂ ಕೂಗಲಿಲ್ಲ. ಕೊನೆಗೆ ಒಬ್ಬ ಹುಡುಗಿ ಹತ್ತಿರ ಬಂದು, "ಸರ್, ನಮ್ಮೂರ ಕೆರೆ ಕೋಡಿ ಬಿದ್ದಾಗ ನೀರಲ್ಲಿ ಒಂದು ಮರ ಕೊಚ್ಚಿಕೊಂಡು ಬಂದಿತ್ತು. ಅದೂ ಹಿಂಗೇ ಬೋಳಾಗಿತ್ತು" ಅಂದಳು.

ಭೂವಿಜ್ಞಾನಿಗಳು ಹೇಳುವುದೂ ಅದನ್ನೇ! ಈ ಮರಗಳು ಬೆಳೆದದ್ದು ಇಲ್ಲಲ್ಲ. ಹೊಳೆ ಎಲ್ಲಿಂದಲೋ ಹೊತ್ತು ತಂದು ಮರಳಲ್ಲಿ ಹೂತುಹಾಕಿತು. ಗಾಳಿ ತಾಗದೆ ಕೊಳೆಯಲಿಲ್ಲ. ನೀರಲ್ಲಿ ಕರಗಿದ್ದ ಸಿಲಿಕಾ, ಅಂದರೆ ಮರಳಲ್ಲಿರುವ ಖನಿಜ, ನಿಧಾನವಾಗಿ ಒಳಗಿಳಿದು ಮರದ ಜಾಗ ಹಿಡಿಯಿತು. ಸುಮಾರು 2 ಕೋಟಿ ವರ್ಷದ ಹಿಂದಿನ ಮಾತು. ಇವುಗಳಲ್ಲಿ ನಮ್ಮ ಹುಣಸೆ, ಹರಳಿನ ಬಳಗದವೂ ಇವೆ. ಇಷ್ಟನ್ನು ನಾನು ಆಮೇಲೆ ಹೇಳಿದಾಗ ಪಿಟ್ಟೆನ್ನದೆ ಕೇಳಿದರು. ಆ ಹುಡುಗಿ ಬಾಗಿಲು ತಟ್ಟುವ ಹಾಗೆ ದಿಮ್ಮಿಯನ್ನು ಗೆಣ್ಣಿನಿಂದ ತಟ್ಟಿದಳು. ಆಮೇಲೆ ಕೈ ಒದರಿಕೊಂಡಳು. ನೋಡಲು ನಾರು, ಗಂಟು ಎಲ್ಲ ಮರದ್ದೇ. ತಟ್ಟಿದರೆ ಬಂಡೆ.

ಅದಕ್ಕೇ ಹೇಳುವುದು: ಎರಡೂವರೆ ಗಂಟೆ ಇಡಿ, ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಆ ಕಲ್ಲಿನ ಮೇಲೆ ಅಂಗೈ ಇಡಲಾಗುವುದಿಲ್ಲ. ಹಿಂದಿನ ರಾತ್ರಿ ಪಾಂಡಿಚೇರಿಯಲ್ಲಿ ಉಳಿದರೆ 25-30 ಕಿ.ಮೀ. ಅಷ್ಟೇ. ಬೀಚು ಇರಲಿ, ಇಲ್ಲದಿದ್ದರೆ ಮಕ್ಕಳು ಬಿಡುವುದಿಲ್ಲ. ಸೆಂಜಿ, ಆರೋವಿಲ್ ಇನ್ನೊಂದು ವರ್ಷಕ್ಕಾಯಿತು.

ಬೆಂಗಳೂರಿನ ಒಬ್ಬರು, ಪ್ರವಾಸದ ಬಸ್ಸಿನ ವ್ಯವಹಾರ

ಮೇಡಂ, ಡಿಸೆಂಬರ್ ಮೊದಲ ವಾರ ಬೇಡವೇ ಬೇಡ. ನಮಗೆ ಅದು ಪ್ರವಾಸದ ಕಾಲ, ಆ ಕರಾವಳಿಗೆ ಹಿಂಗಾರು ಮಳೆಯ ಕಾಲ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರವೇ ದಡ ಸೇರಿತು. ತಿರುವಕ್ಕರೈ ಪಕ್ಕದ ಮೈಲಂನಲ್ಲಿ ಒಂದೇ ದಿನಕ್ಕೆ ಸುಮಾರು 50 ಸೆಂ.ಮೀ. ಮಳೆ. ಜನವರಿ ಕೊನೆ ಒಳ್ಳೆಯದು, ಪೊಂಗಲ್ ರಜೆಯೂ ಮುಗಿದಿರುತ್ತದೆ.

ಇನ್ನೊಂದು, ಕ್ಯಾಲೆಂಡರಿನಲ್ಲಿ ಹುಣ್ಣಿಮೆ ನೋಡಿ. ನೀವು ಕೃಷ್ಣಗಿರಿ, ತಿರುವಣ್ಣಾಮಲೈ, ತಿಂಡಿವನಂ ರಸ್ತೆ ಹಿಡಿಯುತ್ತೀರಿ. ಹುಣ್ಣಿಮೆ ದಿನ ಗಿರಿ ಪ್ರದಕ್ಷಿಣೆಗೆ ಬರುವ ಜನಕ್ಕೆ ತಿರುವಣ್ಣಾಮಲೈ ದಾಟುವುದೇ ಕಷ್ಟ. ತಿರುವಕ್ಕರೈಯಲ್ಲೂ ವಕ್ರಕಾಳಿ ಅಮ್ಮನ ಗುಡಿಗೆ ಆವತ್ತು ಭಾರಿ ಜಾತ್ರೆ. ಖಾಸಗಿ ಬಸ್ಸಾದರೆ ತಮಿಳುನಾಡಿನ ಪರ್ಮಿಟ್ ಕಟ್ಟಿದ ರಸೀದಿಯನ್ನು ಹೊರಡುವ ಮುಂಚೆ ಕಣ್ಣಾರೆ ನೋಡಿ. ಹೊಸೂರಿನಲ್ಲಿ ಎರಡು ಗಂಟೆ ನಿಂತು ಬುದ್ಧಿ ಕಲಿತವನ ಮಾತು ಇದು.

ತುಮಕೂರು ಕಡೆಯ ಗಣಿತದ ಮೇಡಂ

ನಾನು ಒಂದೇ ಸಲ ಹೋಗಿದ್ದು. ನಮ್ಮ ಮಕ್ಕಳು ದಾರ ಸುತ್ತಿ ದಿಮ್ಮಿಯ ಸುತ್ತಳತೆ ತೆಗೆದು, ಪೈಯಿಂದ ಭಾಗಿಸಿ ವ್ಯಾಸ ಕಂಡುಹಿಡಿದರು. ಕೆಲವು ದಿಮ್ಮಿ ಅರ್ಧ ಹೂತಿವೆ, ದಾರ ಸುತ್ತ ಬರುವುದಿಲ್ಲ. ಆಗೇನು ಮಾಡುವುದು ಅಂತ ಅವರವರೇ ಜಗಳ ಆಡಿದ್ದೇ ಒಳ್ಳೆಯ ಪಾಠವಾಯಿತು.

ಹೊರಡುವ ಮುಂಚೆ ಶಾಲೆಯಲ್ಲೇ ಒಂದು ಹಗ್ಗ ಎಳೆಯಿರಿ. ಒಂದು ತುದಿ ಇವತ್ತು, 1 ಮಿ.ಮೀ. ಅಂದರೆ ಸಾವಿರ ವರ್ಷ. ಹಾಗಾದರೆ ಈ ಮರಗಳು 20 ಮೀಟರ್ ದೂರ. ನಮ್ಮಂಥ ಮನುಷ್ಯರು ಬಂದು 3 ಲಕ್ಷ ವರ್ಷ ಅಂದರೂ ಒಂದು ಸ್ಕೇಲಿನಷ್ಟು, 30 ಸೆಂ.ಮೀ. ಡೈನೋಸಾರ್‌ಗಳು ಹೋಗಿದ್ದು 66 ಮೀಟರ್ ಹತ್ತಿರ. ಇದನ್ನು ಮೊದಲೇ ತೋರಿಸದಿದ್ದರೆ "ಡೈನೋಸಾರ್ ಮೂಳೆ ಎಲ್ಲಿ?" ಅಂತ ದಾರಿಯುದ್ದಕ್ಕೂ ತಲೆ ತಿನ್ನುತ್ತಾರೆ. ಲಾಲ್‌ಬಾಗ್ ಬಂಡೆ ಎಷ್ಟು ದೂರ ಅಂತಲೂ ಕೇಳಿ. ಅದಕ್ಕೆ 300 ಕೋಟಿ ವರ್ಷ, ಹಗ್ಗ 3 ಕಿಲೋಮೀಟರ್ ಬೇಕು.

ಒಂದು ಎಡವಟ್ಟು ನನ್ನಿಂದಲೇ ಆಯಿತು. ಉಂಗುರ ಎಣಿಸಿದರೆ ಮರದ ವಯಸ್ಸು ಗೊತ್ತಾಗುತ್ತದೆ ಅಂತ ಕ್ಲಾಸಲ್ಲಿ ಹೇಳಿದ್ದೆ. ಒಬ್ಬ ಅಲ್ಲಿ ಕೂತು ಎಣಿಸಿ, "ಮಿಸ್, ನಲವತ್ತೇ ಇದೆ. 2 ಕೋಟಿ ಹೇಗೆ?" ಅಂದ. ಮರ ಬದುಕಿದ್ದ ವರ್ಷ ಬೇರೆ, ಸತ್ತು ಎಷ್ಟು ಕಾಲವಾಯಿತು ಅನ್ನುವುದು ಬೇರೆ. ಮೊದಲೇ ಬಿಡಿಸಿ ಹೇಳಿ.

ಪೋಷಕಿ, ಸಹಾಯಕ್ಕೆ ಜೊತೆ ಹೋಗಿದ್ದೆ

ಮೇಷ್ಟ್ರುಗಳು ಪಾಠದ್ದೆಲ್ಲ ಹೇಳಿದರು. ನಾನು ಉಳಿದಿದ್ದು ಹೇಳುತ್ತೇನೆ. ನೀರು ಬಸ್ಸಲ್ಲೇ ತುಂಬಿಕೊಳ್ಳಿ. ಹೆಣ್ಣುಮಕ್ಕಳಿಗೆ ಟಾಯ್ಲೆಟ್ ತಿಂಡಿವನಂನಲ್ಲೇ ಆಗಲಿ, ಅಲ್ಲಿ ಎಲ್ಲ ಸಿಗುತ್ತೆ ಅಂತ ನಂಬಿಕೊಂಡು ಹೋಗಬೇಡಿ. 247 ಎಕರೆ ಅಂತ ಕೇಳಿ ದೊಡ್ಡ ಕಾಡು ಅಂದುಕೊಂಡಿದ್ದೆವು. ಜನರಿಗೆ ಬಿಟ್ಟಿರುವುದು ಅದರಲ್ಲಿ ಸ್ವಲ್ಪವೇ. 84 ಮಕ್ಕಳು ಒಟ್ಟಿಗೆ ನುಗ್ಗಿದರೆ ಸಂತೆ. ಅರ್ಧ ಜನ ಒಳಗೆ ಇರುವಾಗ ಇನ್ನರ್ಧ ಜನರನ್ನು ಹತ್ತಿರದ ಹಳೇ ಗುಡಿಗೆ ಕಳಿಸಿ.

ಚೂರು ಎತ್ತಿಕೊಳ್ಳುವುದು ದೊಡ್ಡ ತಲೆನೋವು. ಆ ಜಾಗ ಕೇಂದ್ರದ ಭೂವೈಜ್ಞಾನಿಕ ಸರ್ವೇಕ್ಷಣೆಯವರದು, ಒಂದು ಚೂರೂ ಹೊರಗೆ ತರುವ ಹಾಗಿಲ್ಲ. ನಮ್ಮ ಹುಡುಗನೊಬ್ಬ ಹೊರಟ ಮೇಲೆ ಚಿತ್ರಾನ್ನದ ಡಬ್ಬಿ ತೆಗೆಯಲೇ ಒಲ್ಲೆ ಅಂದ. ತೆಗೆಸಿದರೆ ಒಳಗೆ ಬೆರಳುದ್ದದ ಕಂದು ಚೂರು, ಅರಿಶಿನ ಮೆತ್ತಿಕೊಂಡಿತ್ತು. ಬಸ್ ತಿರುಗಿಸಿ ವಾಪಸ್ ಇಡಿಸಿದೆವು. ಬೈದವರಿಲ್ಲ, ಆದರೆ ಅವನ ಮುಖ ನೋಡಲಾಗಲಿಲ್ಲ. "ಎಲ್ಲರೂ ಒಂದೊಂದು ತಗೊಂಡ್ರೆ ಏನುಳಿಯುತ್ತೆ?" ಅಂತ ಗೇಟಿನಲ್ಲೇ ಕೇಳಿದ್ದರೆ ಸಾಕಿತ್ತು.

ಅಲ್ಲಿನ ಕಾವಲಿನವರಿಗೆ ತಮಿಳು ಮಾತ್ರ ಬರುತ್ತಿತ್ತು. ನಮ್ಮ ಗುಂಪಿನಲ್ಲಿ ಮನೆಯಲ್ಲಿ ತಮಿಳು ಮಾತಾಡುವ ಒಬ್ಬ ಹುಡುಗನಿದ್ದ. ಕ್ಲಾಸಲ್ಲಿ ಕನ್ನಡ ಓದಲು ನಾಚುವವನು. ಆವತ್ತು ಅವನೇ ಗೈಡ್. ಕಾವಲಿನವರು ಒಂದು ವಾಕ್ಯ ಹೇಳಿದರೆ ಇವನು ನಾಲ್ಕು ಹೇಳುತ್ತಿದ್ದ, ಮಸಾಲೆ ಸೇರಿಸಿ.

ಕೋಲಾರದ ಮೇಷ್ಟ್ರು

ಒಂದು ಮರೆತಿದ್ದೆ. ಒಂದು ವಾರ ಮುಂಚೆ ಸ್ಪಂಜಿನ ತುಂಡನ್ನು ಗಟ್ಟಿ ಉಪ್ಪುನೀರಲ್ಲಿ ನೆನೆಸಿ ಮರಳಿನ ತಟ್ಟೆಯಲ್ಲಿ ಹೂಳಿಸಿ, ಬಿಸಿಲಿಗಿಡಿ. ಒಣಗಿದ ಮೇಲೆ ತೆಗೆದರೆ ಗಡುಸಾಗಿರುತ್ತದೆ. ಕಲ್ಲುಮರದಲ್ಲಿ ಆಗಿದ್ದು ಹೂಬೇಹೂಬು ಇದಲ್ಲ, ಆದರೆ ತೂತಿನೊಳಗೆ ಉಪ್ಪು ಹೇಗೆ ಕೂರುತ್ತದೆ ಅಂತ ಕೈಗೆ ಗೊತ್ತಾಗುತ್ತದೆ.

ಡೈನೋಸಾರ್ ಬೇಕೇ ಬೇಕು ಅಂದರೆ ಗುಜರಾತಿನ ರೈಯೋಲಿಗೆ ಹೋಗಬೇಕು, ಬಾಲಾಸಿನೋರ್ ಹತ್ತಿರ. ಅಲ್ಲಿ 2019ರಿಂದ ಮ್ಯೂಸಿಯಂ ಇದೆ. ಶಾಲೆ ಬಸ್ಸಿನಲ್ಲಿ ಆಗುವ ಮಾತಲ್ಲ, ಬಿಡಿ.

ಪ್ರಶ್ನೆ ಕೇಳಿದ ಮೇಡಂ

ಎಲ್ಲರಿಗೂ ಥ್ಯಾಂಕ್ಸ್. ಜನವರಿ ಕೊನೆ ವಾರಕ್ಕೆ ಬದಲಾಯಿಸಿದೆ. ಹುಣ್ಣಿಮೆ ನೋಡಿದೆ, ಇಲ್ಲ. ಸೆಂಜಿ, ಆರೋವಿಲ್ ಕೈಬಿಟ್ಟೆ, ಇಬ್ಬರು ಪೋಷಕರು ಮುನಿಸಿಕೊಂಡಿದ್ದಾರೆ. ಹೊರ ರಾಜ್ಯದ ಅನುಮತಿಗೆ ನಾಳೆ ಅರ್ಜಿ. ಹಗ್ಗ ಇವತ್ತೇ ಎಳೆದು ನೋಡಿದೆವು. ನಮ್ಮ ಮೈದಾನ 50 ಮೀಟರಿಗೇ ಮುಗಿಯಿತು. ಡೈನೋಸಾರ್‌ಗಳು ಪಕ್ಕದ ರಾಗಿ ಹೊಲದಲ್ಲಿ ಬಿದ್ದಿವೆ. ಹೊಲದವರನ್ನು ಕೇಳಬೇಕು.