ಕಾಕಾ ಕಳಿಸಿದ ವಿಡಿಯೋ

ಗುಂಪು: ವಿಜಯಪುರದ ನಮ್ಮ ಮಂದಿ

ದೊಡ್ಡ ಕಾಕಾ: [ವಿಡಿಯೋ] ಕೈ ತೊಳೆಯದ ಮಕ್ಕಳಿಗೆ ಕ್ರಿಮಿ ತೋರಿಸಿ ಹೆದರಿಸಿ. ಎಲ್ಲ ತಾಯಂದಿರೂ ನೋಡಲೇಬೇಕು.

ವೈನಿ: ತಾಯಂದಿರು ಮಾತ್ರನಾ ಕಾಕಾ?

ದೊಡ್ಡ ಕಾಕಾ: ಮತ್ಯಾರು ಕಲಿಸಬೇಕು? ನಾವು ಮಣ್ಣು ಹಚ್ಚಿ ಕೈ ತೊಳೆದವರು. ಏನೂ ಆಗಲಿಲ್ಲ.

ಅತ್ತಿ: ಏನೂ ಆಗಲಿಲ್ವಾ ಅಣ್ಣಾ? ಜಂತು ಆಗಿ ನೀನು ರಾತ್ರಿಯೆಲ್ಲ ಹೊಟ್ಟೆ ಹಿಡಿದು ಅಳುತ್ತಿದ್ದೆ, ಮರೆತೆಯಾ? ಹುಳದ ಮೊಟ್ಟೆ ಇರೋದೇ ಮಣ್ಣಲ್ಲಿ. ಫೆಬ್ರವರಿ 10ಕ್ಕೆ ಅಂಗನವಾಡಿಯಲ್ಲಿ ಗುಳಿಗೆ ಕೊಡೋದು ಸುಮ್ನೆ ಅಲ್ಲ.

ದೊಡ್ಡ ಕಾಕಾ: ಅದಕ್ಕೇ ಹೆದರಿಸಿ ಅಂದಿದ್ದು.

ಅತ್ತಿ: ಮೂರು ವರ್ಷದ ಕೂಸಿಗೆ ಕಾಣದ ಕ್ರಿಮಿ ಏನು ತಿಳಿಯುತ್ತೆ? ನಮ್ಮ ಅಂಗನವಾಡಿಯಲ್ಲಿ ಒಬ್ಬ ಅಂಗೈ ತಿರುಗಿಸಿ ನೋಡಿ "ಹುಳ ಇಲ್ಲ ಟೀಚರ್" ಅಂತ ಊಟಕ್ಕೆ ಕೂತ. ನಮ್ಮಲ್ಲಿ ಮೊದಲು ನಳ ನನ್ನ ಸೊಂಟದ ಎತ್ತರಕ್ಕಿತ್ತು, ಸೋಪು ಕಪಾಟಿನಲ್ಲಿ. ದಿನಾ ಗಂಟಲು ಹರಿದುಕೊಂಡಿದ್ದೇ ಬಂತು. ಆಮೇಲೆ ನಳದ ಕೆಳಗೆ ಒಂದು ಚಪ್ಪಟೆ ಕಲ್ಲು ಹಾಕಿದೆ. ಉಳ್ಳಾಗಡ್ಡಿ ಚೀಲದ ಜಾಳಿಗೆ ಕತ್ತರಿಸಿ, ಸೋಪು ಕಟ್ಟಿ ನಳಕ್ಕೆ ತೂಗುಬಿಟ್ಟೆ. ಜಾರಿ ಬೀಳಲ್ಲ, ನೊರೆನೂ ಜಾಸ್ತಿ. ಈಗ ಪಾಳಿ ಹಚ್ಚಿ ನಿಲ್ಲುತ್ತಾರೆ. ಅಲ್ಲಿಂದ ಎಬ್ಬಿಸಿಕೊಂಡು ಬರೋದೇ ಕಷ್ಟ.

ತಮ್ಮ: ಸ್ಯಾನಿಟೈಸರ್ ಇಟ್ಟರೆ ಮುಗೀತಲ್ವಾ?

ಅತ್ತಿ: ಕೆಸರು ಕೈಗೆ ಅದು ನಡೆಯಲ್ಲಪ್ಪ. ಬಾಯಿಗೆ ಹಾಕಿಕೊಂಡರೆ ಇನ್ನೊಂದು ರಾಮಾಯಣ.

ವೈನಿ: ಆಲಮಟ್ಟಿ ನಮ್ಮ ಜಿಲ್ಲೆಯಲ್ಲೇ ಇದೆ, ನಮ್ಮ ಓಣಿಗೆ ಮಾತ್ರ ನೀರು ನಾಲ್ಕು ದಿನಕ್ಕೊಮ್ಮೆ. ಬ್ಯಾರಲ್‌ನಿಂದ ತಂಬಿಗೆ ಎತ್ತಿ ಹಾಕೋಕೆ ಯಾರಾದರೂ ಬೇಕು. ನಾನು ರೊಟ್ಟಿ ಬಡಿಯಲೋ, ನೀರು ಹಾಕಲೋ? ಅದೂ 20 ಸೆಕೆಂಡು!

ಅತ್ತಿ: 20 ಸೆಕೆಂಡು ನೀರು ಬಿಡೋದಲ್ಲಮ್ಮ, ಉಜ್ಜೋದು. ಕೈ ಒದ್ದೆ ಮಾಡು, ತಂಬಿಗೆ ಕೆಳಗಿಡು, ಕೂಸು ಉಜ್ಜಲಿ. ಕೊನೆಗೆ ಹಾಕು. ಒಂದು ತಂಬಿಗೆ ಸಾಕು.

ನಾನು: ಕಾಕಾ, ಸಿಟ್ಟಾಗಬೇಡಿ. ಮೊನ್ನೆ ನೀವು ಹೊಲದಿಂದ ಬಂದು ಧೋತರಕ್ಕೆ ಕೈ ಒರೆಸಿ ನೇರ ತಾಟಿಗೆ ಕೂತಿರಿ. ಪಕ್ಕದಲ್ಲಿದ್ದ ಮೊಮ್ಮಗ ಚಡ್ಡಿಗೆ ಒರೆಸಿಕೊಂಡ. ಮೊದಲು ಅಂಗೈ, ಆಮೇಲೆ ಹಿಂಗೈ, ಥೇಟ್ ನಿಮ್ಮ ಥರ. ಉಂಡ ಮೇಲೆ ಮಾತ್ರ ಇಬ್ಬರೂ ಸೋಪು ಹಚ್ಚಿ ತೊಳೆದಿರಿ, ಎಣ್ಣೆಗಾಯಿಯ ಜಿಡ್ಡು ಹೋಗಲಿ ಅಂತ.

ವೈನಿ: ಹಹಹಹ

ದೊಡ್ಡ ಕಾಕಾ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡ ಕಾಕಾ: ತಂಗೀ, ಆ ಜಾಳಿಗೆ ಎಷ್ಟುದ್ದ ಕತ್ತರಿಸಿದೆ?